ಜೂನ್ ಒಂದರ ಮಕ್ಕಳು

ಜೂನ್ ಒಂದು ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಈಚೆಗೆ ಖಂಡೆಪ್ಪ ಮಾಸ್ತರರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು. ಇವತ್ತು ಎದ್ದಕೂಡಲೇ ನೆನಪಾದದ್ದೂ ಅದೇ. ಎಪ್ಪತ್ತೈದನೆಯ ಇಸವಿಯ ಏಪ್ರಿಲ್. ಬೆಳಗಿನ ಏಳಕ್ಕೇ ಸಿಂದಗಿಯ ಬಿಸಿಲು ಅಂಗಳದಲ್ಲಿ ಬಂದು ಕೂತಿತ್ತು. ಕಂಬದ ಮೊಳೆಗೆ ಕನ್ನಡಿ ತೂಗುಹಾಕಿ ಅವರು ಗಡ್ಡ ಮಾಡಿಕೊಳ್ಳುತ್ತಿದ್ದರು; ಬ್ಲೇಡು ಮೂರು ವಾರದ್ದು, ಕೆರೆದಲ್ಲೇ ಕೆರೆಯಬೇಕು. ಹೆಂಡತಿ ರುಕ್ಮವ್ವ ಚಹಾದ ಬಟ್ಟಲು ಕಟ್ಟೆಯ ಮೇಲಿಟ್ಟು, "ಇಂಡಿಗೆ ಹೋಗಿ ಎರಡ ಮಾತ ಹೇಳಿ ಬರೂದಕ್ಕ ಇಷ್ಟ್ಯಾಕ ಮಾರಿ ಗಂಟ ಹಾಕ್ಕೊಂಡೀರಿ? ನಿಮ್ಮ ಕೈಯಾಗ ಅಕ್ಷರ ಕಲ್ತ ಹುಡುಗಿ ಇಲಾಯತಿಗೆ ಹೊಂಟಾಳ. ಲಗ್ನದ ಮನಿ ಮಂದಿಯಂಗ ಇರಬೇಕ ನೀವು" ಅಂದಳು. "ಇಲಾಯತಿ ಅಲ್ಲಲೇ, ಅಮೇರಿಕಾ" ಎಂದು ಅವರು ಗುರುಗುಟ್ಟಿದರು. "ಎಲ್ಲಾ ಒಂದs ಬಿಡ್ರಿ, ನೀರ ದಾಟಿದ ಮ್ಯಾಲ" ಎಂದು ಅವಳು ಒಳಗೆ ಹೋದಳು. ಅಷ್ಟರಲ್ಲಿ ಗದ್ದದ ಕೆಳಗೆ ರಕ್ತ ಬಂತು. ಹೆಂಡತಿಯ ಮೇಲೆ, ಬ್ಲೇಡಿನ ಮೇಲೆ, ಅಮೇರಿಕದ ಮೇಲೆ ಒಟ್ಟಿಗೇ ಸಿಟ್ಟು ಬಂದು, ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಚಹಾ ತಣ್ಣಗಾಗಲು ಬಿಟ್ಟರು.

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಂಕಂಚಿ, ನಾಲತವಾಡ, ಆಲಮೇಲ, ಈಗ ಸಿಂದಗಿ ಎಂದು ಅವರು ಸಾಲೆಗೆ ಹಚ್ಚಿಕೊಂಡ ಮಕ್ಕಳು ಸಾವಿರಕ್ಕೆ ಮೇಲೇ ಇದ್ದಾರು. ಅಷ್ಟೂ ಮಕ್ಕಳು ಜೂನ್ ಒಂದನೇ ತಾರೀಖಿಗೇ ಹುಟ್ಟಿದವರು. ಇದು ಅವರೊಬ್ಬರೇ ಕಂಡುಹಿಡಿದದ್ದಲ್ಲ, ಈ ಸೀಮೆಯ ಮಾಸ್ತರರೆಲ್ಲ ಮಾಡುತ್ತಿದ್ದದ್ದು. ಹುಟ್ಟಿದ ತಾರೀಖು ಯಾವುದಪ್ಪಾ ಅಂದರೆ ತಂದೆಯಾದವನು ತಲೆ ಕೆರೆದುಕೊಂಡು, ಆನಿಕಲ್ಲ ಮಳಿ ಬಿದ್ದಿತ್ತಲ್ರಿ, ಅದರ ಮರುವರ್ಷ, ಅನ್ನುತ್ತಿದ್ದ. ಸಾಲೆ ತೆರೆಯುವುದು ಜೂನಿನಲ್ಲಿ. ಮಗುವಿಗೆ ಆರು ತುಂಬಿರಬೇಕು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿತೋ, ಆರು ತುಂಬಿದ ಹಾಗೆ. ಬರೆದುಕೋ ಒಂದನೇ ಜೂನ್. ತಲಾಟಿ, ಕಂಪೌಂಡರ, ಪೊಲೀಸ, ಬಸ್ಸಿನ ಕಂಡಕ್ಟರ, ಅರ್ಧ ತಾಲೂಕು ಒಂದೇ ದಿನ ಹುಟ್ಟಿ ಯಾರ ತಕರಾರೂ ಇಲ್ಲದೆ ಬದುಕುತ್ತಿತ್ತು. ಯಂಕಂಚಿಯ ಕುರುಬರ ರೇವವ್ವ ಒಬ್ಬಳು ಕಲಿತು ಕಲಿತು ಧಾರವಾಡದಲ್ಲಿ ಎಂಎಸ್ಸಿ ಮುಗಿಸಿ, ಜೋಳದ ತೆನೆ ಕಪ್ಪಾಗಿಸುವ ಕಾಡಿಗೆ ರೋಗದ ಮೇಲೆ ಸಂಶೋಧನೆ ಮಾಡಲು ಅಮೇರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿ, ಅವರು ಬಾ ಎಂದು, ಫೆಲೋಶಿಪ್ಪನ್ನೂ ಕೊಡುತ್ತೇವೆ ಎಂದು, ಕೊನೆಗೆ ಒಂದು ಸಾಲು ಸೇರಿಸುವ ತನಕ. ಜುಲೈ ಒಂದಕ್ಕೆ ಇಪ್ಪತ್ತಾರು ತುಂಬಿರಬಾರದು. ರೇವವ್ವನ ಸರ್ಟಿಫಿಕೇಟಿನಲ್ಲಿ ಇದ್ದದ್ದು ಒಂದನೇ ಜೂನ್, ನಲವತ್ತೊಂಬತ್ತು. ಒಂದೇ ತಿಂಗಳಿಗೆ ಎಡವಟ್ಟು.

ಅವತ್ತಿನಿಂದ ಮಾಸ್ತರರಿಗೆ ಊರಲ್ಲಿ ತಲೆಯೆತ್ತಿ ಅಡ್ಡಾಡದ ಹಾಗಾಗಿತ್ತು. ಚಹಾದಂಗಡಿಯ ಅಬ್ದುಲಗನಿ ಸಹ, "ಮಾಸ್ತರ, ಆಗಸ್ಟ ಅಂತ ಬರದಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?" ಎಂದು ಕೇಳಿಬಿಟ್ಟ. ಒಂದು ತಿಂಗಳಲ್ಲ, ಎರಡು ವರ್ಷ ಹೆಚ್ಚು ಬರೆದಿದ್ದರು ಅವರು. ಹುಡುಗಿ ಹುಟ್ಟಿದ್ದು ಐವತ್ತೊಂದರಲ್ಲಿ. ಅದು ಅವಳಿಗೂ ಗೊತ್ತು, ಅವಳ ತಾಯಿಗೂ ಗೊತ್ತು. ಹೋದ ತಾರೀಖಿಗೆ ತಾಯಿ ಗುರವ್ವ ಇಂಡಿಯ ಕೋರ್ಟಿಗೆ ಬಂದು ಯಾವ ಕುರಿ ಯಾವ ವರ್ಷ ಈದಿತ್ತು ಅನ್ನುವ ಲೆಕ್ಕದಿಂದ ಮಗಳ ವಯಸ್ಸು ಹೇಳಿದ್ದಳು. ನ್ಯಾಯಾಧೀಶ ಮುನಸಬರು ಕೇಳಿ ಕೇಳಿ ಪೆನ್ನು ಕೆಳಗಿಟ್ಟಿದ್ದರಂತೆ. ಇನ್ನು ಉಳಿದದ್ದು ಬರೆದ ಕೈಯ ಸಾಕ್ಷಿ. ಇವತ್ತು ಅದು. ಸಿಂದಗಿಯ ಮುನಸಬರು ರಜೆಯ ಮೇಲಿದ್ದು ಅವರ ಕೆಲಸ ಇಂಡಿಯವರ ಕೊರಳಿಗೆ ಬಿದ್ದಿತ್ತು, ಆದ್ದರಿಂದ ಇಂಡಿಗೆ ಹೋಗಬೇಕು. ಶನಿವಾರದ ಟಪಾಲಿಗೆ ಕೋರ್ಟಿನ ಆದೇಶ ಹೋಗದಿದ್ದರೆ ಫೆಲೋಶಿಪ್ ಬೇರೆಯವರಿಗೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುವ ಹಾಗೂ ಇಲ್ಲ. ವಕೀಲ ಬಸಂತರಾಯರು ಅಫಿಡವಿಟ್ಟನ್ನು ಟೈಪು ಮಾಡಿಸಿ ಇಟ್ಟಿದ್ದರು. ಅದರಲ್ಲಿ ಎರಡೇ ಸಾಲು: ಮಗು ಚುರುಕಾಗಿದ್ದುದರಿಂದ ನಾಲ್ಕನೆಯ ವಯಸ್ಸಿಗೇ ಸೇರಿಸಿಕೊಂಡೆನು, ತಾರೀಖು ಬರೆಯುವಾಗ ಕೈತಪ್ಪಾಯಿತು.

ಕೈತಪ್ಪು! ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಶುದ್ಧಬರಹಕ್ಕೆ ಬಹುಮಾನ ತಗೊಂಡ ಕೈ ಇದು. ಆದರೆ ಅವರ ಸಂಕಟ ಆ ಶಬ್ದದ್ದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದರು. ಅದರ ಹಿಂದಿನ ಸಾಲನ್ನು ನುಂಗಲಾಗುತ್ತಿರಲಿಲ್ಲ. ಮಗು ಚುರುಕಾಗಿದ್ದುದರಿಂದ. ಹೋದ ತಿಂಗಳು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಸಭೆ ಮಾಡಿ ರೇವವ್ವನಿಗೂ ಅವರಿಗೂ ಸತ್ಕಾರ ಮಾಡಿದರು. ಪರದೇಶದಲ್ಲಿ ಉನ್ನತ ವ್ಯಾಸಂಗದ ಪ್ರಯೋಜನಗಳು ಎಂದು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಹುಡುಗಿ ಎದ್ದು ನಿಂತು ಪ್ರಯೋಜನ ಗಿಯೋಜನ ಬಿಟ್ಟು ಇವರ ಕಥೆಯನ್ನೇ ಹೇಳಿದಳು: ನಾನು ನಾಲ್ಕು ವರ್ಷದವಳು, ಹಟ್ಟಿಯ ಮುಂದೆ ಕುರಿಮರಿ ಎಣಿಸುತ್ತಿದ್ದೆ. ಮಾಸ್ತರರು ದಾರಿಯಲ್ಲಿ ಹೋಗುವವರು ನಿಂತು ನನ್ನ ಕಣ್ಣು ನೋಡಿದರು. ಈ ಹುಡುಗಿ ಓದಬೇಕು ಅಂತ ಅಪ್ಪನ ಕೂಡ ಜಗಳಾಡಿ ಹೆಗಲ ಮೇಲೆ ಹೊತ್ತುಕೊಂಡು ಹೋದರು. ಆವತ್ತು ಅವರು ನಿಲ್ಲದಿದ್ದರೆ ನಾನಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ಮಾಸ್ತರರು ಕೊರಳಲ್ಲಿ ಕನಕಾಂಬರದ ಹಾರ ಹಾಕಿಕೊಂಡು ಕೂತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ಆ ನೀರು ಖರೆಯದಾಗಿತ್ತು, ಅದೇ ಅವರಿಗೆ ಹೇಸಿಗೆ. ಹತ್ತು ವರ್ಷದಿಂದ ಆ ಕಥೆಯನ್ನು ಬೇರೆ ಬೇರೆಯವರ ಬಾಯಲ್ಲಿ ಕೇಳಿ ಕೇಳಿ ಅವರಿಗೇ ಒಮ್ಮೊಮ್ಮೆ ತಾನು ಆ ಕಣ್ಣು ನೋಡಿದ್ದೆನೇನೋ ಅನ್ನಿಸುತ್ತಿತ್ತು. ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ ಇತ್ತು. ಇವತ್ತು ಸಹಿ ಹಾಕಿ ಬಂದರೆ ಅದು ಕೋರ್ಟಿನ ಕಾಗದದ ಮೇಲೂ ಏರಿ ಕೂಡುತ್ತದೆ, ಹುಡುಗಿಯೂ ಹೋಗುತ್ತಾಳೆ. ಎಲ್ಲರಿಗೂ ಒಳ್ಳೆಯದು.

ಬಸ್‌ಸ್ಟ್ಯಾಂಡಿನಲ್ಲಿ ರೇವವ್ವ ಕಾಯುತ್ತಿದ್ದಳು, ಎದೆಗೆ ಫೈಲು ಅವಚಿಕೊಂಡು. ಜೊತೆಗೆ ಅವಳ ಅಕ್ಕ ಹುಚ್ಚವ್ವ. ಅವಳನ್ನು ನೋಡಿದ್ದೇ ಮಾಸ್ತರರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಇಕಿ ಯಾಕ ಬಂದಾಳ?" ಎಂದು ಕೇಳಿದರು, ಎದುರಿಗೇ ನಿಂತವಳನ್ನು ಬಿಟ್ಟು ತಂಗಿಗೆ. "ವಯಸ್ಸಿನ ಹುಡುಗಿ ಒಬ್ಬಾಕೀನ ಕೋರ್ಟಿಗೆ ಹೋಗೂದ ಬ್ಯಾಡ ಅಂತ ಅವ್ವ ಕಳಿಸ್ಯಾಳ್ರಿ" ಅಂದಳು ರೇವವ್ವ. ಹುಚ್ಚವ್ವ ಬುತ್ತಿಯ ಗಂಟನ್ನು ಎತ್ತಿ ತೋರಿಸಿ ನಕ್ಕಳು. ಮುಂದಿನ ಒಂದು ಹಲ್ಲು ಇರಲಿಲ್ಲ. ಹಣೆಯ ಮೇಲಿನ ಕೂದಲು ಬೂದಿಬಣ್ಣಕ್ಕೆ ತಿರುಗಿತ್ತು. ನಾಲತವಾಡದ ಕಡೆಯ ಕುರುಬರ ಮನೆಗೆ ಕೊಟ್ಟಿದ್ದರು ಅವಳನ್ನು; ಆರು ಹೆತ್ತು ಮೂರು ಉಳಿದಿದ್ದವು; ವರ್ಷದ ಎಂಟು ತಿಂಗಳು ಕುರಿಯ ಹಿಂದೆ ಕೃಷ್ಣೆಯ ದಂಡೆಗುಂಟ ತಿರುಗುವುದು. "ನಿಮ್ಮ ಸಲುವಾಗಿ ಎಣಗಾಯಿ ಮಾಡೀನ್ರಿ ಮಾಸ್ತರ, ಸಜ್ಜಿ ರೊಟ್ಟಿ ಅದಾವು. ಸೊರಗೀರಿ ನೀವು" ಅಂದಳು. ಮಾಸ್ತರರಿಗೆ ಆ ಪ್ರೀತಿಯೇ ಕಿರಿಕಿರಿಯಾಯಿತು. ಊಟದ ವಿಷಯ ತನ್ನ ಹತ್ತಿರ ಯಾಕೆ ಎತ್ತುತ್ತಾಳೆ ಇವಳು? ತನಗೇನು ಸಂಬಂಧ?

ಬಸ್ಸಿನಲ್ಲಿ ಕಂಡಕ್ಟರ ಪರಸಪ್ಪ ಟಿಕೀಟು ಹರಿದು ಕೊಡುತ್ತ ಎಲ್ಲರಿಗೂ ಕೇಳುವ ಹಾಗೆ, "ಮಾಸ್ತರ, ನಂದೂ ಜೂನ್ ಒಂದs ನೋಡ್ರಿ, ನೀವs ಬರದದ್ದು. ನನ್ನೂ ಕಳಸ್ರೆಲಾ ಅಮೇರಿಕಾಕ್ಕ!" ಅಂದ. ಬಸ್ಸು ನಕ್ಕಿತು. ಹುಚ್ಚವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಅದರ ಹಿಂದೆಯೇ ಮುಂದಿನ ಸೀಟಿನ ಹಣಮಂತ್ರಾಯ, ಇಂಡಿಯ ಲಿಂಬೆಹಣ್ಣಿನ ದಲ್ಲಾಳಿ, ಪೂರ್ತಿ ಹಿಂದಕ್ಕೆ ತಿರುಗಿ ಕೂತು ಶುರುಮಾಡಿದ. ಅವನ ಷಡ್ಡಕನ ಮಗ ಜರ್ಮನಿಯಲ್ಲಿ ಓದಿ ಬಂದಿದ್ದನಂತೆ. "ನೋಡವಾ ತಂಗಿ, ಪರದೇಶದಾಗ ಕಲಿಯೂದರ ಫಾಯದೆ ಒಂದೆರಡಲ್ಲ. ಕಲಿಯೂದಕ್ಕs ಪಗಾರ ಕೊಡ್ತಾರ, ಇಲ್ಲಿ ನಾವು ಫೀಜು ಕೊಟ್ಟು ಬೈಸಿಕೋತೇವಿ. ಎರಡನೇದು, ಇಂಗ್ಲೀಷು ಬಾಯಾಗ ನೀರಾಗ್ತೈತಿ. ಮೂರನೇದು, ಬಂದ ಮ್ಯಾಲ ಸೀದಾ ಖುರ್ಚಿ; ಇಲ್ಲಿ ಕಲ್ತವರು ಇಪ್ಪತ್ತ ವರ್ಷ ನಿಂತಿರತಾರ. ಮೂರನೇದು, ದೇಶ ದೇಶದ ಮಂದಿ ಗುರ್ತಾಗ್ತಾರ. ನಮ್ಮ ಹುಡುಗಗ ಜಪಾನದವ ಒಬ್ಬ ದೋಸ್ತ ಆಗ್ಯಾನ, ವರ್ಷಾ ಒಂದ ಕ್ಯಾಲೆಂಡರ ಕಳಸ್ತಾನ." ಮೂರನೆಯದು ಎರಡು ಸಲ ಬಂತಲ್ಲ ಮಾರಾಯಾ ಎಂದು ಮಾಸ್ತರರಿಗೆ ತುಟಿಯವರೆಗೆ ಬಂತು. ಇವನಿಗೆ ಕೇಳಿದವರಾರು? ಊರೆಲ್ಲ ಪ್ರಯೋಜನಗಳ ಪಟ್ಟಿ ಹಿಡಿದುಕೊಂಡು ಅಡ್ಡಾಡುತ್ತಿದೆ, ಸಾಕ್ಷಿಕಟ್ಟೆ ಏರಬೇಕಾದವನು ತಾನೊಬ್ಬ. ಹುಚ್ಚವ್ವ ಹಣಮಂತ್ರಾಯನನ್ನು ನಡುವೆಯೇ ತಡೆದು, "ಅಲ್ಲಿ ಕುರಿ ಅದಾವೇನ್ರಿ?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಸಿಕ್ಕಿದ್ದೇ ಮುಂದಕ್ಕೆ ತಿರುಗಿ ಕೂತ.

ರೇವವ್ವ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ, "ಅವರು ಹೇಳಿದ್ದು ಯಾವುದೂ ಅಲ್ರಿ ಮಾಸ್ತರ" ಅಂದಳು. "ಧಾರವಾಡದಾಗ ಆರು ಮಂದಿಗೆ ಒಂದು ಸೂಕ್ಷ್ಮದರ್ಶಕ ಇತ್ರಿ. ನನ್ನ ಪಾಳಿ ಬರೂದ್ರಾಗ ಸಂಜಿ ಆಗ್ತಿತ್ತು. ಅಲ್ಲಿ ದೇಶ ದೇಶದ ಜೋಳದ ಬೀಜ ಥಂಡಿ ಖೋಲಿಯೊಳಗ ಇಟ್ಟಾರಂತ. ಯಾದಿ ಕಳಿಸಿದ್ರು, ಓದೀನಿ. ಯಂಕಂಚಿ ಬಿಳಿಜೋಳ ಅಂತ ಒಂದು ಹೆಸರು ಐತ್ರಿ ಅದರಾಗ. ಯಾರೋ ಒಬ್ಬ ಯಾವಾಗೋ ಒಯ್ದಾನ. ನಮ್ಮ ಹೊಲದ ಜೋಳಕ್ಕ ಯಾಕ ಕಾಡಿಗಿ ಹತ್ತತೈತಿ ಅಂತ ತಿಳೀಬೇಕಾದ್ರ ಅಷ್ಟ ದೂರ ಹೋಗಬೇಕ್ರಿ ನಾ." ಫೈಲನ್ನು ಮಡಿಲಲ್ಲಿ ಸರಿಮಾಡಿಕೊಂಡು ಮತ್ತೆ ಅಂದಳು: "ಇನ್ನೊಂದು. ಅಲ್ಲಿ ಗುರುಗಳಿಗೆ, ನೀವು ಹೇಳಿದ್ದು ತಪ್ಪೈತ್ರಿ ಅಂದ್ರ ಸಿಟ್ಟಿಗೇಳೂದಿಲ್ಲಂತ. ಹೌದಾ, ತೋರ್ಸು ಅಂತಾರಂತ. ಅದಕ್ಕ ಹೋಗೂದು ನಾ, ಖರೇ ಹೇಳಬೇಕಂದ್ರ." ಮಾಸ್ತರರು ಹೊರಗೆ ನೋಡಿದರು. ಕೊಯ್ದ ತೊಗರಿಯ ಕೂಳೆ, ಬಿರಿದ ಎರೆಮಣ್ಣು, ದೂರದಲ್ಲಿ ಒಂದು ಕುರಿಹಿಂಡು. ಧಾರವಾಡದಲ್ಲಿ ಇವಳು ತಪ್ಪು ಹಿಡಿದ ಗುರು ಯಾರೋ ಪಾಪ, ಇಲ್ಲಿ ಪಕ್ಕದಲ್ಲೇ ಕೂತವನ ತಪ್ಪು ಕಾಣಿಸಿಲ್ಲ ಇವಳಿಗೆ. ಕಾಣಿಸದಿರಲಿ ಎಂದು ಬೇಡಿಕೊಂಡರು, ಬೇಡಿಕೊಂಡದ್ದಕ್ಕೆ ನಾಚಿದರು.

ಐವತ್ತೈದರ ಜೂನ್, ಆಗಿನ್ನೂ ಮುಂಬೈ ಸರಕಾರ. ಯಂಕಂಚಿಯ ಸಾಲೆ ಅಂದರೆ ಒಂದು ಮುರುಕು ಚಾವಡಿ. ಮರುದಿನ ಸಾಲೆಯ ತಪಾಸಣೆಗೆ ದಿಪೋಟಿ ಸಾಹೇಬರು ಬರುವವರಿದ್ದರು, ದಾಖಲಾತಿಯ ಪಟದ ಮೇಲೆ ಇಪ್ಪತ್ತು ಹೆಸರಿರಬೇಕು, ಇಲ್ಲದಿದ್ದರೆ ಸಾಲೆ ಬಂದ್. ಹತ್ತೊಂಬತ್ತು ಇದ್ದವು. ಸಾಲೆ ಬಂದಾದರೆ ಕಿರಿಯ ಮಾಸ್ತರನಿಗೆ ಮುದ್ದೇಬಿಹಾಳದ ಆಚೆಯ ಯಾವುದೋ ಮೂಲೆ. ರುಕ್ಮವ್ವ ಏಳು ತಿಂಗಳ ಬಸುರಿ. ಇಡೀ ದಿನ ಮನೆಮನೆ ತಿರುಗಿ, ಎಲ್ಲರಿಂದ ನಾಳಿ ನೋಡೂಣು ಅನ್ನಿಸಿಕೊಂಡು, ಇಳಿಹೊತ್ತಿಗೆ ಊರ ಹೊರಗಿನ ಕುರಿಹಟ್ಟಿಗೆ ಹೋಗಿದ್ದರು. ದಾರಿಯಲ್ಲಿ ಹೋಗುವವರು ನಿಂತದ್ದಲ್ಲ, ಬೇರೆ ಎಲ್ಲೂ ಸಿಗದೆ ಹೋದದ್ದು. ರೇವವ್ವನ ಅಪ್ಪ ಅಮೋಘಸಿದ್ಧ ಉಣ್ಣೆ ಕತ್ತರಿಸುತ್ತಿದ್ದ. ಮೊಣಕಾಲೂರಿ ಬೇಡಿಕೊಂಡರು ಅವನನ್ನು, ಜಗಳ ಎಲ್ಲಿಯದು. ಇನ್ನು ಆ ಕಣ್ಣು. ಮಗುವಿನ ಕಣ್ಣು ಬಂದಿದ್ದವು ಅವತ್ತು. ಎರಡೂ ಪಿಸುರುಗಟ್ಟಿ ಮುಚ್ಚಿಕೊಂಡು ಸುತ್ತ ನೊಣ ಕೂತಿದ್ದವು. ಸಾಲೆಗೆ ತಂದು ನಿಲ್ಲಿಸಿ ಕೈ ತಲೆಯ ಮೇಲಿಂದ ಹಾಯಿಸಿದರೆ ನೆತ್ತಿಯೂ ದಾಟಲಿಲ್ಲ. ದಿಪೋಟಿ ಸಾಹೇಬರು ಪರೀಕ್ಷಿಸಿದರೆ ಏನು ಗತಿ ಎಂದು ಅವರು ಆ ಸಣ್ಣ ತೋಳನ್ನು ಹಿಡಿದು ಜಗ್ಗಿದರು. ಮಗು ಚಿಟ್ಟನೆ ಚೀರಿತು. ಕತ್ತು ಬಾಗಿಸು, ಬಾಗಿಸಲೇ, ಎಂದು ಬೈಯುತ್ತ ಮತ್ತೊಮ್ಮೆ ಜಗ್ಗಿದರು. ಕಿವಿ ಮುಟ್ಟಿಸಿಯೇ ಬಿಟ್ಟರು. ಅಮೋಘಸಿದ್ಧನ ಹಟ್ಟಿಯ ಮುಂದೆ ಅದಕ್ಕೂ ಮೊದಲು ಆದದ್ದೊಂದಿತ್ತು. ಅಲ್ಲಿಯವರೆಗೆ ಬಂದು ಮಾಸ್ತರರ ನೆನಪು ಯಾವಾಗಲೂ ಬೇರೆ ದಾರಿ ಹಿಡಿಯುತ್ತಿತ್ತು. ಈಗಲೂ ಹಿಡಿಯಿತು, ಟಿಕೀಟಿನ ಚಿಲ್ಲರೆ ಬರಲಿಲ್ಲವಲ್ಲ ಎಂದು ಪರಸಪ್ಪನನ್ನು ಹುಡುಕಿತು.

ಇಂಡಿಯ ಕೋರ್ಟಿನ ಪಡಸಾಲೆಯಲ್ಲಿ ಬಸಂತರಾಯ ವಕೀಲರು ಕರಿಕೋಟಿನೊಳಗೆ ಬೆವರುತ್ತ ನಿಂತಿದ್ದರು. ಬಾಗೇವಾಡಿಯವರು, ಮಾತು ದಡದಡ. "ಮಾಸ್ತರ, ನೀವು ಹೆಚ್ಚಿಗಿ ಏನೂ ಮಾತಾಡಬ್ಯಾಡ್ರಿ. ಕೈತಪ್ಪು. ಅಷ್ಟ. ಕಣ್ಣ ಮಂಜ ಇತ್ತು ಅಂತ ಬೇಕಾದ್ರ ಸೇರಸ್ರಿ. ಇದರಿಂದ ನಿಮಗೂ ತ್ರಾಸಿಲ್ಲ. ಬೇಕಂತ ಬರದೀನಿ ಅಂದ್ರೋ, ಇಲಾಖೆದವರು ನಿಮ್ಮ ನೌಕರಿಗೆ ಬರ್ತಾರ, ನೆನಪಿರ್ಲಿ." ಆಮೇಲೆ ರೇವವ್ವನ ಕಡೆ ತಿರುಗಿ ಅವರೂ ಪರದೇಶದ ಓದಿನ ಲಾಭಗಳನ್ನು ಹೇಳಲು ಶುರುಮಾಡಿದರು. ಮಾಸ್ತರರು ಎದ್ದು ಹೋಗಿ ನಳದ ಕೆಳಗೆ ಮುಖ ಹಿಡಿದರು. ನಳದಲ್ಲಿ ನೀರಿರಲಿಲ್ಲ. ಹುಚ್ಚವ್ವ ನೆಲದ ಮೇಲೆ ಗಂಟು ಬಿಚ್ಚುತ್ತಿದ್ದವಳು ತಾನು ತಂದ ತಂಬಿಗೆಯಿಂದ ನೀರು ಹೊಯ್ದಳು. "ಹೆದರಬ್ಯಾಡ್ರಿ ಮಾಸ್ತರ, ಸಾಹೇಬರೇನ ನುಂಗತಾರ? ನೀವು ಬರದದ್ದು ಸುಳ್ಳ ಆಗೂದುಂಟs?" ಅಂದಳು. ಇವಳ ಬಾಯಿಗೆ ಏನಾಗಿದೆ ಇವತ್ತು!

ಮುನಸಬರು ಮೈಸೂರಿನ ಕಡೆಯ ಎಳೆಯ ಮನುಷ್ಯ. ನಿಧಾನವಾದ ಮೃದುವಾದ ಕನ್ನಡ. ಅಫಿಡವಿಟ್ಟು ಓದಿ, ಯಂಕಂಚಿಯಿಂದ ತರಿಸಿದ ಹಳೆಯ ಪಟವನ್ನು ತೆರೆದು ಬಹಳ ಹೊತ್ತು ನೋಡಿದರು. "ಅಕ್ಷರ ತುಂಬ ಚೆನ್ನಾಗಿದೆ ಮೇಷ್ಟ್ರೇ" ಅಂದರು. ಮಾಸ್ತರರಿಗೆ ಆ ಗಳಿಗೆಯಲ್ಲೂ ಸಂತೋಷವಾಯಿತು, ಎಂಥ ನಾಚಿಕೆಗೇಡು. "ಅಂಕಿಯಲ್ಲಿ ಬರೆದಿದ್ದೀರಿ. ಪಕ್ಕದಲ್ಲಿ ಅಕ್ಷರದಲ್ಲೂ ಬರೆದಿದ್ದೀರಿ, ಸಾವಿರದ ಒಂಬೈನೂರ ನಲವತ್ತೊಂಬತ್ತು ಅಂತ. ಅಂಕಿಯಲ್ಲಿ ಕೈ ತಪ್ಪಬಹುದು. ಎರಡರಲ್ಲೂ ತಪ್ಪುತ್ತದೆಯೇ?" ಬಸಂತರಾಯರು ಕೆಮ್ಮಿದರು. ಮುನಸಬರು ಕನ್ನಡಕ ತೆಗೆದರು. "ಕೈತಪ್ಪು ಅಂದರೆ ನಾನು ಒಪ್ಪುವುದಿಲ್ಲ. ತಾಯಿಯ ಹೇಳಿಕೆಯೂ ಸಾಲದು. ಬೇರೆ ಕಾರಣ ಇದ್ದರೆ ಹೇಳಿ, ಇಲ್ಲದಿದ್ದರೆ ವಜಾ ಮಾಡುತ್ತೇನೆ."

ಮಾಸ್ತರರು ರೇವವ್ವನನ್ನು ನೋಡಿದರು. ಅವಳು ಬಾಗಿಲ ಪಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ಫೈಲಿನ ಲಾಡಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಕೆಂಪಾಗಿತ್ತು. ಅವಳು ಇವರ ಕಡೆ ನೋಡಿದ ನೋಟದಲ್ಲಿ ಅನುಮಾನ ಅನ್ನುವುದು ಎಳ್ಳಷ್ಟೂ ಇರಲಿಲ್ಲ. ಮಾಸ್ತರರು ಏನೋ ಒಂದು ಹೇಳಿ ಬಗೆಹರಿಸುತ್ತಾರೆ ಎಂದು ನಂಬಿ ಕೂತಿದ್ದಳು. ಒಮ್ಮೆ ಬಾಯಿ ತೆರೆದರೆ ಇವಳು ಹೋಗುತ್ತಾಳೆ, ಮತ್ತು ಇವಳ ಕಣ್ಣಲ್ಲಿ ತಾನು ಇರುವುದಿಲ್ಲ. ಬಾಯಿ ಮುಚ್ಚಿದರೆ ತಾನಿರುತ್ತೇನೆ, ಇವಳು ಹೋಗುವುದಿಲ್ಲ. ಈ ಲೆಕ್ಕ ಎಷ್ಟು ಸರಳ ಇತ್ತೆಂದರೆ ಅವರಿಗೆ ಅಳು ಬರುವಷ್ಟು ರೇಗಿತು. ಇಪ್ಪತ್ತು ವರ್ಷ ಬಿಟ್ಟು ಈ ಇಂಡಿಗೇ ಬಂದು ಇದನ್ನು ಕೇಳಬೇಕಾಗಿತ್ತೇ?

"ಕೈ ತಪ್ಪಿಲ್ರಿ ಸಾಹೇಬ" ಅಂದರು. ದನಿ ತಾನಾಗಿ ಗಟ್ಟಿಯಾಗಿ ಬಂತು, ತರಗತಿಯಲ್ಲಿ ಬರುವ ಹಾಗೆ. "ಬೇಕಂತ ಬರದೀನಿ. ನನಗ ಒಂದು ಹೆಸರು ಕಮ್ಮಿ ಬಿದ್ದಿತ್ತು. ಸಾಲಿ ಬಂದಾಗ್ತಿತ್ತು, ನನ್ನ ನೌಕರಿ ಎತ್ತಲೋ ಹೋಗ್ತಿತ್ತು. ಈ ಹುಡುಗಿ ಚುರುಕು ಅಂತಲ್ಲ. ಆಕೀ ಮಾರಿ ಸೈತ ನಾ ಸರಿಯಾಗಿ ನೋಡಿರಲಿಲ್ಲ. ನಾಲ್ಕ ವರ್ಷದ ಕೂಸಿನ ತೋಳ ಜಗ್ಗಿ ಕಿವಿ ಮುಟ್ಟಿಸೀನಿ." ಬಸಂತರಾಯರು ಕೂತುಬಿಟ್ಟರು. ಮುನಸಬರು ಬರೆಯುತ್ತಿದ್ದವರು ತಲೆಯೆತ್ತದೆ ಕೇಳಿದರು: "ಸರಿ. ನಿಮಗೆ ಆರು ಅಂತ ತೋರಿಸಬೇಕಾಗಿತ್ತು. ಆದರೆ ಆ ತಾಯಿ ಹೇಳಿದ ನಾಲ್ಕೇ ನಿಜ ಅನ್ನುವುದಕ್ಕೆ ಏನು ಆಧಾರ? ಐದೂ ಇದ್ದಿರಬಹುದಲ್ಲ?"

"ಆ ತಾರೀಖು ಸುಳ್ಳಲ್ರಿ" ಅಂದರು ಮಾಸ್ತರರು. "ಆರು ವರ್ಷದ ಹುಡುಗಿ ಒಬ್ಬಾಕಿ ಇದ್ಳು ಅಲ್ಲಿ. ಇಕೀ ಅಕ್ಕ. ಮರಿ ಎತ್ತಿಕೊಂಡು ನಿಂತಿದ್ಳು. ನನ್ನ ಕೈಯಾಗಿನ ಬರಿಯೂ ಪಾಟಿ ನೋಡಿ ಹತ್ತರ ಬಂದ್ಳು. ಕಿವಿ ಮುಟ್ಟಿ ತೋರ್ಸವಾ ಅಂದೆ. ಮರಿ ಕೆಳಗ ಬಿಟ್ಟು ಸಲೀಸ ಮುಟ್ಟಿದ್ಳು, ನಕ್ಕೋತ. ನಾ ಆಕೀ ಹೆಸರs ಕೇಳಿದ್ದೆ. ಅವರಪ್ಪ ಅಂದ, ಇಕೀನ ಒಯ್ದ್ರ ಮರಿ ಯಾರ ಕಾಯ್ತಾರು, ಇದು ಎರಡ ವರ್ಷಕ್ಕ ಸಣ್ಣದು, ಇನ್ನೂ ಕೆಲಸಕ್ಕ ಬರೂದಿಲ್ಲ, ಇದನ್ನ ಒಯ್ರಿ ಅಂತ ಸಣ್ಣದನ್ನ ಮುಂದ ನೂಕಿದ. ನನಗ ಯಾವುದಾದ್ರೇನು, ಒಂದು ತಲಿ ಬೇಕಿತ್ತು. ಇದನ್ನ ಕರಕೊಂಡ ಬಂದೆ. ವಯಸ್ಸು ಅಕೀದು ಬರದೆ. ನಲವತ್ತೊಂಬತ್ತು ಹುಚ್ಚವ್ವಂದು ಸಾಹೇಬ. ಹೊರಗ ಕುಂತಾಳ."

ಆದೇಶ ಆಯಿತು. ಅರ್ಧ ಗಂಟೆಯೊಳಗೆ ಟೈಪಾಗಿ, ಮುದ್ರೆ ಬಿದ್ದು, ರೇವವ್ವನ ಕೈಗೆ ಬಂತು. ಹುಟ್ಟಿದ ವರ್ಷ ಐವತ್ತೊಂದು ಎಂದು ಓದಿಕೊಳ್ಳತಕ್ಕದ್ದು. ಕೆಳಗೆ ಇನ್ನೊಂದು ಸಾಲು, ಪ್ರತಿಯನ್ನು ಶಿಕ್ಷಣ ಇಲಾಖೆಗೆ ಕಳಿಸತಕ್ಕದ್ದು. ಬಸಂತರಾಯರು ಹಣೆ ಚಚ್ಚಿಕೊಂಡು, "ಸುಮ್ಕ ಇರಾಕ ಆಗಲಿಲ್ಲೇನ್ರಿ ನಿಮಗ?" ಎಂದು ಹೊರಟುಹೋದರು. ಮಾಸ್ತರರಿಗೆ ಇಲಾಖೆಯ ಭಯ ಆಗಬೇಕಿತ್ತು, ಆಗಲಿಲ್ಲ. ಪಡಸಾಲೆಯ ಆ ತುದಿಯಲ್ಲಿ ಕಾಗದ ಹಿಡಿದು ನಿಂತ ಹುಡುಗಿ ಯಾವಾಗ ತಿರುಗುತ್ತಾಳೋ ಎಂಬುದಷ್ಟೇ ಅವರ ಭಯವಾಗಿತ್ತು.

ಅವಳು ತಿರುಗಿದಳು. "ಹತ್ತ ಸಭಾದಾಗ ಹೇಳೀನ್ರಿ ನಾ" ಅಂದಳು. ದನಿಯಲ್ಲಿ ಸಿಟ್ಟಿತ್ತು. "ಅರ್ಜಿ ಬರಿಯುವಾಗ ಇಂಗ್ಲೀಷಿನಾಗೂ ಅದನ್ನs ಬರದೀನಿ. ಕಣ್ಣ ನೋಡಿದ್ರು, ಹೊತ್ತುಕೊಂಡ ಹೋದ್ರು ಅಂತ. ನೀವು ಬಾಜೂಕ ಹಾರ ಹಾಕಿಸ್ಕೊಂಡು ಕುಂತಿದ್ರಿ. ಒಮ್ಮೆರ ಅನ್ನಬಾರದಾಗಿತ್ತೇನ್ರಿ, ಹಂಗಲ್ಲವಾ ರೇವವ್ವಾ, ಅಂತ?" ಮಾಸ್ತರರು, "ಅನ್ನಬೇಕಾಗಿತ್ತು" ಅಂದರು. "ಯಾಕ ಅನ್ನಲಿಲ್ರಿ?" "ನನಗ ಚೊಲೊ ಅನಸ್ತಿತ್ತವಾ, ನೀ ಹೇಳೂದು." ಅವಳು ಇವರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕಾಲಿಗೆ ಬೀಳಬೇಕೆಂದು ಬೆಳಿಗ್ಗೆ ಅಂದುಕೊಂಡು ಬಂದಿದ್ದಳೋ ಏನೋ, ಬೀಳಲಿಲ್ಲ. ಸೀದಾ ಅಕ್ಕನ ಹತ್ತಿರ ಹೋಗಿ ನೆಲದ ಮೇಲೆ ಕುಳಿತಳು. ಒಳಗೆ ನಡೆದದ್ದನ್ನೆಲ್ಲ, ಮರಿ, ಪಾಟಿ, ಅಪ್ಪ ಅಂದ ಮಾತು, ಒಂದೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ, "ಸಾಲಿ ನಿಂದಿತ್ತ ಅಕ್ಕಾ" ಎಂದು ಅತ್ತಳು. ಹುಚ್ಚವ್ವ ರೊಟ್ಟಿಯ ಮೇಲೆ ಎಣಗಾಯಿ ಹಾಕುತ್ತಿದ್ದ ಕೈಯನ್ನು ಹಾಗೇ ಹಿಡಿದು ಕೇಳಿದಳು. ಬಾಯಿ ತುಸು ತೆರೆದಿತ್ತು.

"ಅಯ್ಯ, ಅದಕ್ಯಾಕ ಅಳ್ತಿ, ಬಿಡು" ಅಂದಳು ಕೊನೆಗೆ. "ಅಪ್ಪ ನನ್ನ ಕಳಸ್ತಿರಲಿಲ್ಲ. ಮರಿ ಯಾರ ಕಾಯ್ತಿದ್ರು?" ಎರಡನೆಯ ರೊಟ್ಟಿ ತೆಗೆದು ಮಾಸ್ತರರ ಕಡೆ ಚಾಚಿದಳು. ಅವರು ಕಂಬಕ್ಕೆ ಆತು ನಿಂತೇ ಇದ್ದರು, ತಗೊಳ್ಳುವುದೋ ಬಿಡುವುದೋ ತಿಳಿಯದೆ. ಬೈದಿದ್ದರೆ, ಒಂದು ಮಾತು ಸೊಟ್ಟಗೆ ಆಡಿದ್ದರೆ, ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದರು. ಅದಕ್ಕೆ ಬೇಕಾದ ಮುಖವನ್ನು ಆಗಲೇ ಮಾಡಿಕೊಂಡಿದ್ದರು. ಅವಳು ಏನನ್ನೋ ಲೆಕ್ಕ ಹಾಕುವವಳ ಹಾಗೆ ಹುಬ್ಬು ಗಂಟಿಕ್ಕಿ, "ಅಂದ್ರ ಮಾಸ್ತರ, ನನಗೂ ಒಂದು ತಾರೀಖ ಐತಿ ಅನ್ರಿ! ಕೋರ್ಟಿನಾಗ ಹೇಳಿದ್ರಂತಲ್ಲ, ನಂದs ಅಂತ" ಅಂದಳು.

"ಐತಿ" ಅಂದರು ಮಾಸ್ತರರು.

"ಹಂಗಾದ್ರ ಅದರ ಪರಕಾರ ನನಗ ಎಷ್ಟಾದವ್ರಿ ಈಗ?"

"ಇಪ್ಪತ್ತೈದು. ಬರೂ ಜೂನಕ್ಕ ಇಪ್ಪತ್ತಾರು ತುಂಬ್ತಾವ."

ಅವಳು ನಗಲು ಹೋದಳು. ತಮಾಷೆ ಮಾಡುತ್ತಿದ್ದಾರೇನೋ ಎಂದು ತಂಗಿಯ ಮುಖ ನೋಡಿದಳು, ಮತ್ತೆ ಇವರ ಮುಖ ನೋಡಿದಳು. ಚಾಚಿದ ರೊಟ್ಟಿ ಕೈಯಲ್ಲೇ ಉಳಿಯಿತು.

"ಇಪ್ಪತ್ತಾರೂ ತುಂಬಿಲ್ಲೇನ್ರಿ?" ಅಂದಳು. "ನಾ ನಾಲ್ವತ್ತ ದಾಟೀನಿ, ಎಲ್ಲಾ ಮುಗೀತು, ಅಂತ ಕುಂತಿದ್ನಲ್ರೀ ಮಾಸ್ತರ."